ಟೈರಿನ ಮೇಲಿದ್ದ ನಾಲ್ಕು ಅಂಕಿ

ಸೇಲ್ಸ್ ಹುಡುಗ ಕ್ಯಾಲ್ಕುಲೇಟರನ್ನು ನನ್ನ ಕಡೆ ತಿರುಗಿಸಿ ಇಟ್ಟ. ಬಾಯಲ್ಲಿ ಮೊತ್ತ ಹೇಳಲಿಲ್ಲ. ಯಾರಾದರೂ ಕೇಳಿಸಿಕೊಂಡಾರು ಅನ್ನೋ ಹಾಗೆ ಆಚೀಚೆ ನೋಡಿ, "ಸರ್, ಇದು ನಿಮಗೆ ಮಾತ್ರ" ಅಂದ. ನಾನು ನಂಬಿದೆ. ನಲವತ್ತಾರು ವರ್ಷ ವಯಸ್ಸಾಗಿದೆ, ಇದುವರೆಗೆ ನಾಲ್ಕು ಕಾರು ಕೊಂಡಿದ್ದೇನೆ, ಆದರೂ ನಂಬಿದೆ.

ಕಾರಣ ಇಷ್ಟೇ. ಆ ನಾಲ್ಕೂ ಮನೆಗೆ ಬೇಕು ಅಂತ ಕೊಂಡ ಕಾರುಗಳು. ಇದು ನನಗೆ ಬೇಕು ಅಂತ ಕೊಳ್ಳಲು ಹೊರಟಿದ್ದು. ಎರಡೇ ಸೀಟು, ತೆಗೆಯಬಹುದಾದ ಟಾಪ್, ಹಿಂದಿನ ಚಕ್ರಕ್ಕೆ ಶಕ್ತಿ, ಡಿಕ್ಕಿಯಲ್ಲಿ ಒಂದು ಸೂಟ್‌ಕೇಸ್ ಹಿಡಿದರೆ ಪುಣ್ಯ. ಅಂಥ ಕಾರಿನ ಮುಂದೆ ನಿಂತವನ ಮುಖ ನೋಡಿದರೇ ಡೀಲರ್‌ಗೆ ಅರ್ಧ ಲೆಕ್ಕ ಗೊತ್ತಾಗಿರುತ್ತದೆ. ಯಾವ ಕಂಪನಿ ಅಂತ ಬರೆಯುವುದಿಲ್ಲ. ಬರೆದರೆ ಡೀಲರ್ ಯಾರೆಂದೂ ಗೊತ್ತಾಗಿಬಿಡುತ್ತದೆ. ಮೊತ್ತವನ್ನೂ ಬರೆಯುವುದಿಲ್ಲ. ಕಾರಿನ ಪಟ್ಟಿ ಬೆಲೆ 100 ಅಂತ ಇಟ್ಟುಕೊಳ್ಳಿ, ಎಲ್ಲಾ ಲೆಕ್ಕವನ್ನೂ ಅದರ ಮೇಲೆ ಹೇಳುತ್ತೇನೆ.

ಕ್ಯಾಲ್ಕುಲೇಟರ್‌ನಲ್ಲಿ ಇದ್ದದ್ದು 94. ಅಂದರೆ 6 ಡಿಸ್ಕೌಂಟ್. ಸ್ಪೋರ್ಟ್ಸ್ ಕಾರಿಗೆ ಆರು! ಕುಣಿದುಕೊಂಡೇ ಮನೆಗೆ ಬಂದೆ.

ನನ್ನ ಹೆಂಡತಿ ಲೆಕ್ಕಪತ್ರದ ಕೆಲಸದಲ್ಲಿರುವವಳು. ಕೊಟೇಶನ್ ಹಾಳೆ ಇಸ್ಕೊಂಡು ಊಟದ ಮೇಜಿನ ಮೇಲೆ ಹರಡಿದಳು. ಡಿಸ್ಕೌಂಟ್ ಇದ್ದ ಸಾಲನ್ನು ಓದಲೇ ಇಲ್ಲ. ಕೆಳಗಿನಿಂದ ಮೇಲಕ್ಕೆ ಓದಿದಳು.

"ರೀ, ನಮ್ಮ ಹಳೇ ಕಾರಿಗೆ ಎಷ್ಟು ಹಾಕಿದ್ದಾರೆ?"

18 ಹಾಕಿದ್ದರು. ಹೊರಗೆ ವಿಚಾರಿಸಿದಾಗ 22ರ ಹತ್ತಿರ ಹೇಳಿದ್ದರು. ಅಲ್ಲಿಗೆ 4 ಹೋಯಿತು. ಇನ್ಶೂರೆನ್ಸ್ ಡೀಲರ್ ಮೂಲಕವೇ ಮಾಡಿಸಬೇಕು, ಅದರಲ್ಲಿ 1 ಜಾಸ್ತಿ. ಪೇಂಟ್‌ಗೆ ಕೋಟಿಂಗ್, ಮ್ಯಾಟ್, ಬಾಗಿಲ ಹತ್ತಿರ ಹೊಳೆಯುವ ಒಂದು ಪಟ್ಟಿ, ಇದೆಲ್ಲಾ ಸೇರಿದ ಪ್ಯಾಕೇಜು ಎರಡೂವರೆ. ಹ್ಯಾಂಡ್ಲಿಂಗ್ ಅಂತ ಅರ್ಧ. ಆಯಿತಲ್ಲ, 8. ಅದರ ಮೇಲೆ ಸಾಲ. ಅವರು ಹೇಳಿದ ಬಡ್ಡಿ ನಮ್ಮ ಬ್ಯಾಂಕಿನದಕ್ಕಿಂತ ಶೇಕಡಾ 1 ಜಾಸ್ತಿ ಇತ್ತು. ಸುಮ್ನೆ ಒಂದು ಅಂತ ನಾನು ಅಂದುಕೊಂಡಿದ್ದೆ. 60 ಸಾಲ ಮಾಡಿ ಐದು ವರ್ಷ ಕಂತು ಕಟ್ಟಿದರೆ ಆ ಒಂದರಿಂದಲೇ ಸುಮಾರು ಒಂದೂಮುಕ್ಕಾಲು ಹೆಚ್ಚಿಗೆ ಹೋಗುತ್ತದೆ.

ಒಟ್ಟು ಒಂಬತ್ತೂಮುಕ್ಕಾಲು ಕಿತ್ತುಕೊಂಡು, ಆರು ಕೊಟ್ಟು, "ನಿಮಗೆ ಮಾತ್ರ" ಅಂದಿದ್ದ. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ ಅಲ್ವಾ?

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ನಿಜವಾಗಿ. ಡೀಲರ್ ಅಂಗಡಿಯ ಆದಾಯ ಎಲ್ಲೆಲ್ಲಿಂದ ಬರುತ್ತದೆ ಅಂತ ಆಮೇಲೆ ತಿಳಿದುಕೊಂಡೆ. ಹೊಸ ಕಾರಿನ ಮೇಲಿನ ಮಾರ್ಜಿನ್ ಅದರಲ್ಲಿ ಒಂದು ಭಾಗ ಅಷ್ಟೇ. ಸಾಲ ಮಾಡಿಸಿದ್ದಕ್ಕೆ ಕಮಿಷನ್, ಇನ್ಶೂರೆನ್ಸ್‌ಗೆ ಕಮಿಷನ್, ಹಳೆಯ ಕಾರನ್ನು ಕಡಿಮೆಗೆ ಕೊಂಡು ಮಾರಿದರೆ ಬರುವ ಲಾಭ, ಆಮೇಲೆ ವರ್ಷಗಟ್ಟಲೆ ಸರ್ವಿಸ್. ಜೊತೆಗೆ ಮೂರು ತಿಂಗಳಲ್ಲಿ ಇಷ್ಟು ಕಾರು ಮಾರಿದರೆ ಇಷ್ಟು ಅಂತ ಕಂಪನಿಯಿಂದ ಬರುವ ಬೋನಸ್. ಹಾಗಾಗಿ ಒಂದು ಕಡೆ ಬಿಟ್ಟುಕೊಟ್ಟರೆ ಇನ್ನೊಂದು ಕಡೆ ಹಿಡಿದುಕೊಳ್ಳಲು ಅವರಿಗೆ ಹತ್ತು ದಾರಿ ಇದೆ. ನಮಗೆ ಇರುವುದು ಒಂದೇ. ಬಿಡಿ ಬಿಡಿ ಸಾಲುಗಳ ಬಗ್ಗೆ ಚೌಕಾಸಿ ಮಾಡದೆ, ಕಾರು ನನ್ನ ಹೆಸರಿಗೆ ಆಗಿ ಕೀ ಕೈಗೆ ಬರುವವರೆಗೆ ಒಟ್ಟು ಎಷ್ಟು ಅಂತ ಕೇಳುವುದು. ಆ ಒಟ್ಟು ಮೊತ್ತ ಕಾಗದದ ಮೇಲೆ ಬರುವ ತನಕ ಹಳೆಯ ಕಾರಿನ ಮಾತೇ ಎತ್ತಬಾರದು. ಕಂತು ಎಷ್ಟಾಗುತ್ತದೆ ಅಂತಂತೂ ಕೇಳಲೇಬಾರದು. ಕಂತು ಕೇಳಿದವನಿಗೆ ಅವಧಿ ಉದ್ದ ಮಾಡಿ ಏನನ್ನು ಬೇಕಾದರೂ ಮಾರಬಹುದು.

ಇದೆಲ್ಲಾ ಯಾವ ಕಾರಿಗಾದರೂ ಸರಿ. ಸ್ಪೋರ್ಟ್ಸ್ ಕಾರಿನ ವಿಷಯವೇ ಬೇರೆ, ಅದನ್ನು ಎರಡನೇ ಶೋರೂಮಿನಲ್ಲಿ ಕಲಿತೆ.

ಅಲ್ಲಿದ್ದದ್ದು ಆಗಷ್ಟೇ ಬಿಡುಗಡೆಯಾಗಿದ್ದ ಮಾಡೆಲ್. ಡಿಸ್ಕೌಂಟ್ ಎಷ್ಟು ಅಂತ ಹಲ್ಲುಕಿರಿದು ಕೇಳಿದೆ. ಮ್ಯಾನೇಜರ್ ನಯವಾಗಿ, "ಪಟ್ಟಿ ಬೆಲೆ ಮೇಲೆ 12 ಆಗುತ್ತೆ ಸರ್, ಮಾರ್ಕೆಟ್ ಅಡ್ಜಸ್ಟ್‌ಮೆಂಟ್" ಅಂದರು. ಅಂದರೆ 112. ಅಡ್ಜಸ್ಟ್ ಮಾಡಿಕೊಳ್ಳಬೇಕಾದವನು ನಾನು ಅಂತ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಇದು ಹೊಸ ಚಾಳಿಯೇನಲ್ಲ. ಮಾಜ್ದಾ ಎಂಎಕ್ಸ್-5 1989ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಾಗ ಜನ ಪಟ್ಟಿ ಬೆಲೆಗಿಂತ ಹೆಚ್ಚು ಕೊಟ್ಟು ಒಯ್ದಿದ್ದರು. ಅದೇನು ಕೆಲವೇ ಕೆಲವು ತಯಾರಾದ ಅಪರೂಪದ ಕಾರಲ್ಲ. 2016ರ ಹೊತ್ತಿಗೆ ಹತ್ತು ಲಕ್ಷ ತಯಾರಾಗಿತ್ತು. ಕಾದವರಿಗೆಲ್ಲ ಸಿಕ್ಕಿತು, ಮೊದಲ ವರ್ಷವೇ ಬೇಕು ಅಂದವರು ಮಾತ್ರ ದಂಡ ಕಟ್ಟಿದರು. ಇಂಜಿನ್ನು ಮಧ್ಯಕ್ಕೆ ಬಂದ ಶೆವ್ರೊಲೆ ಕಾರ್ವೆಟ್ 2019ರಲ್ಲಿ ಪರದೆ ಸರಿಸಿದ ಮೇಲೂ ಅದೇ ಕಥೆ. ಕಾರಿಗೆ ಬೇಕಾದ ಎಲೆಕ್ಟ್ರಾನಿಕ್ ಚಿಪ್‌ಗಳ ಕೊರತೆಯ ಕಾಲದಲ್ಲಿ ಇದು ಎಷ್ಟು ಅತಿಯಾಯಿತು ಅಂದರೆ, 2022ರ ಆರಂಭದಲ್ಲಿ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ತಮ್ಮ ಡೀಲರ್‌ಗಳಿಗೇ ಎಚ್ಚರಿಕೆ ಕೊಡಬೇಕಾಯಿತು. ಎಚ್ಚರಿಕೆ ಮಾತ್ರ. ಅಲ್ಲಿ 1958ರ ಕಾನೂನಿನ ಪ್ರಕಾರ ಹೊಸ ಕಾರಿನ ಕಿಟಕಿಗೆ ಬೆಲೆ ಚೀಟಿ ಅಂಟಿಸಲೇಬೇಕು. ಆದರೆ ಆ ಚೀಟಿಯಲ್ಲಿರುವುದು ಕಂಪನಿ ಸೂಚಿಸಿದ ಬೆಲೆ ಅಷ್ಟೇ. ಡೀಲರ್ ಅದಕ್ಕಿಂತ ಕೆಳಗೂ ಇಳಿಯಬಹುದು, ಮೇಲೂ ಹತ್ತಬಹುದು.

ಇನ್ನೂ ಮೇಲಿನ ಅಂತಸ್ತಿನ ಕಾರುಗಳಲ್ಲಿ ಡಿಸ್ಕೌಂಟ್ ಅನ್ನುವ ಪದವೇ ಇಲ್ಲ. 2016ರಲ್ಲಿ ಫೋರ್ಡ್ ಜಿಟಿ ಕೊಳ್ಳಬೇಕಾದವರು ಅರ್ಜಿ ಹಾಕಬೇಕಿತ್ತು, ಕೆಲಸಕ್ಕೆ ಹಾಕಿದ ಹಾಗೆ. ಆರಿಸಿಕೊಂಡ ಮೇಲೆ ಎರಡು ವರ್ಷ ಮಾರುವುದಿಲ್ಲ ಅಂತ ಬರೆದುಕೊಡಬೇಕಿತ್ತು. ಆ ಲೋಕ ನನ್ನದಲ್ಲ, ಬಿಡಿ.

112 ಕೇಳಿ ಬಂದ ರಾತ್ರಿ ಒಂದು ವಿಷಯ ಹೊಳೆಯಿತು. ಎಲ್ಲರಿಗೂ ಬೇಕಾದ ಸ್ಪೋರ್ಟ್ಸ್ ಕಾರಿಗೆ ಹೆಚ್ಚು ಕೊಡಬೇಕು. ಹಾಗಾದರೆ ಯಾರಿಗೂ ಬೇಡವಾದ ಸ್ಪೋರ್ಟ್ಸ್ ಕಾರೂ ಎಲ್ಲೋ ಇರಬೇಕಲ್ಲ? ಮನೆಗೆಂದು ಕಾರು ಕೊಳ್ಳುವವರು ಬಣ್ಣ ಸ್ವಲ್ಪ ಆಚೀಚೆಯಾದರೂ ಒಪ್ಪಿಕೊಳ್ಳುತ್ತಾರೆ. ಸ್ಪೋರ್ಟ್ಸ್ ಕಾರು ಕೊಳ್ಳುವವನು ಒಪ್ಪುವುದಿಲ್ಲ. ವರ್ಷಗಟ್ಟಲೆ ಕನಸು ಕಂಡಿರುತ್ತಾನೆ, ಕನಸಿನಲ್ಲಿ ಕೆಂಪೇ ಇರುತ್ತದೆ. ಡೀಲರ್ ತಪ್ಪು ಲೆಕ್ಕ ಹಾಕಿ ತರಿಸಿಕೊಂಡ ವಿಚಿತ್ರ ಬಣ್ಣದ ಕಾರು ಯಾರ್ಡಿನ ಹಿಂಭಾಗದಲ್ಲಿ ಧೂಳು ತಿನ್ನುತ್ತಿರುತ್ತದೆ.

ನಂದು ಸಿಕ್ಕಿದ್ದು ಹಾಗೆಯೇ. ಮೊದಲು ನೋಡಿದ್ದ ಮಾಡೆಲ್ಲೇ, ಬೇರೆ ಡೀಲರ್. ಹೊರಗೆ ಒಂಥರಾ ಹಸಿರು, ಒಳಗೆ ಕಂದು ಸೀಟು. ನನ್ನ ಹೆಂಡತಿ ಪಾಚಿ ಬಣ್ಣ ಅಂತ ಕರೆದಳು, ಈಗಲೂ ಹಾಗೇ ಕರೆಯುತ್ತಾಳೆ. "ಹೊಸ ಸ್ಟಾಕ್ ಸರ್, ಮೊನ್ನೆ ಬಂದಿದ್ದು" ಅಂದರು ಅಲ್ಲಿನವರು. ಅದು ಜೂನ್ 2024.

ನಾನು ಷೂ ಲೇಸ್ ಕಟ್ಟುವವನ ಹಾಗೆ ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಉದ್ದದ ಅಕ್ಷರಗಳ ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ಟೈರು ತಯಾರಾದ ವಾರ ಮತ್ತು ವರ್ಷ. ಕೆಲವು ಟೈರಿನಲ್ಲಿ ಆ ಅಂಕಿ ಒಳಬದಿಗೆ ಇರುತ್ತದೆ, ಕತ್ತು ಬಗ್ಗಿಸಬೇಕು. ಇಲ್ಲಿ ಹೊರಗೇ ಇತ್ತು, ಮಣ್ಣು ಮೆತ್ತಿಕೊಂಡಿತ್ತು. ಹೆಬ್ಬೆರಳಲ್ಲಿ ಉಜ್ಜಿದೆ. 3123. ಅಂದರೆ 2023ರ 31ನೇ ವಾರ, ಆಗಸ್ಟ್ ಶುರು. ಹಿಂದಿನ ಚಕ್ರವನ್ನೂ ನೋಡಿದೆ, 3023. ನಾಲ್ಕೂ ಒಂದೇ ಹೊತ್ತಿನವು, ಕಾರ್ಖಾನೆಯಲ್ಲೇ ಹಾಕಿದ್ದು. ಕಾರು ತಯಾರಾಗಿ ಒಂಬತ್ತು ತಿಂಗಳಾದರೂ ಆಗಿದೆ ಅಂತ ಅಂದಾಜಿಸಿದೆ.

ಡೀಲರ್‌ಗಳು ಸಾಮಾನ್ಯವಾಗಿ ಕಾರನ್ನು ಸ್ವಂತ ದುಡ್ಡಿನಲ್ಲಿ ತಂದು ನಿಲ್ಲಿಸಿಕೊಳ್ಳುವುದಿಲ್ಲ, ಸಾಲ ತೆಗೆದು ತರುತ್ತಾರೆ. ಡೀಲರ್‌ನ ಕೊಳ್ಳುವ ಬೆಲೆ 90, ವರ್ಷಕ್ಕೆ ಶೇಕಡಾ 8 ಬಡ್ಡಿ ಅಂತಿಟ್ಟುಕೊಂಡರೆ ತಿಂಗಳಿಗೆ 0.6. ಒಂಬತ್ತು ತಿಂಗಳಿಗೆ 5.4. ಮಾರ್ಜಿನ್ನಿನ ಅರ್ಧಕ್ಕಿಂತ ಹೆಚ್ಚನ್ನು ಆ ಹಸಿರು ಬಣ್ಣವೇ ತಿಂದುಹಾಕಿತ್ತು. ನಾಳೆ ಬೆಳಗಾದರೆ ಇನ್ನಷ್ಟು ತಿನ್ನುತ್ತದೆ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಎದ್ದು ನಿಂತು, ಕೈ ಒರೆಸಿಕೊಂಡು, "ಹೋದ ವರ್ಷದ ಕಾರು ಅಲ್ವಾ ಇದು?" ಅಂದೆ. ಅಷ್ಟೇ. ಜಗಳ ಇಲ್ಲ, ಧ್ವನಿ ಏರಿಸಲಿಲ್ಲ. ಸೇಲ್ಸ್‌ನವರು ಮ್ಯಾನೇಜರನ್ನು ಕರೆದರು. ಮ್ಯಾನೇಜರ್ ನನ್ನ ಹೆಬ್ಬೆರಳಿನ ಮಣ್ಣು ನೋಡಿದರು.

ಅವತ್ತು ಬುಕ್ ಮಾಡಲಿಲ್ಲ. ತಿಂಗಳ ಕೊನೆಗೆ, ಅದೂ ಮೂರು ತಿಂಗಳ ಟಾರ್ಗೆಟ್ ಮುಗಿಯುವ ಹೊತ್ತಿಗೆ, ಮೆಸೇಜ್ ಹಾಕಿದೆ. ಎಲ್ಲಾ ಸೇರಿ ಒಟ್ಟು ಎಷ್ಟು ಅಂತ ಒಂದೇ ಪ್ರಶ್ನೆ. ತಿಂಗಳ ಕೊನೆಗೆ ಹೋದರೆ ಲಾಭ ಅನ್ನುವ ಮಾತು ಬೇಡಿಕೆ ಇರುವ ಕಾರಿಗೆ ಸುಳ್ಳು, ಯಾರ್ಡಿನಲ್ಲಿ ನಿಂತ ಕಾರಿಗೆ ನಿಜ. ಟಾರ್ಗೆಟ್‌ಗೆ ಎರಡು ಕಾರು ಕಡಿಮೆ ಬಿದ್ದಾಗ ಪಾಚಿ ಬಣ್ಣದ್ದೂ ಒಂದು ಕಾರೇ. ಸಂಜೆ ಉತ್ತರ ಬಂತು. ಪಟ್ಟಿ ಬೆಲೆಯಲ್ಲಿ 8 ಕಡಿಮೆ, ಪ್ಯಾಕೇಜು ಇಲ್ಲ, ಹ್ಯಾಂಡ್ಲಿಂಗ್ ಇಲ್ಲ, ಇನ್ಶೂರೆನ್ಸ್ ನಮ್ಮಿಷ್ಟ. ನಾನು ಇನ್ನೊಂದು ಸೇರಿಸಿದೆ: ಹೊಸ ಬ್ಯಾಟರಿ. ಒಂಬತ್ತು ತಿಂಗಳು ನಿಂತ ಕಾರಿನ ಬ್ಯಾಟರಿಯನ್ನು ನಂಬುವುದು ಕಷ್ಟ. ಒಪ್ಪಿದರು. ಹಳೆಯ ಕಾರನ್ನು ನಾನೇ ಹೊರಗೆ ಮಾರಿದೆ, ಇಪ್ಪತ್ತೊಂದೂವರೆಗೆ ಹೋಯಿತು. ಹದಿನೈದು ದಿನ ಅಪರಿಚಿತರಿಗೆಲ್ಲ ಟೆಸ್ಟ್ ಡ್ರೈವ್ ಕೊಟ್ಟು ಸಾಕಾಗಿಹೋಗಿತ್ತು, ಅದು ಬೇರೆ ವಿಷಯ. ವಾರಂಟಿ ಮಾತ್ರ ನನ್ನ ಹೆಸರಿಗೆ ಕಾರು ಆದ ದಿನದಿಂದ ಶುರು ಅಂತ ಬರೆಸಿಕೊಂಡೆ. ಮುಂದೆ ಮಾರುವಾಗ ಇದು 2023ರ ಕಾರು ಅಂತಲೇ ಬೆಲೆ ಕಟ್ಟುತ್ತಾರೆ ಅಂತ ಗೊತ್ತಿದ್ದೇ ಕೊಂಡೆ. ಎರಡು ವರ್ಷಕ್ಕೆ ಮಾರುವ ಯೋಚನೆ ಇದ್ದವರಿಗೆ ಈ 8 ಅಷ್ಟೇನೂ ದೊಡ್ಡದಲ್ಲ.

ಡೆಲಿವರಿ ದಿನ ಸಹಿ ಹಾಕಲು ಕೊಟ್ಟ ಹಾಳೆಯ ಐದನೇ ಸಾಲಿನಲ್ಲಿ ಮತ್ತೆ ಅದೇ ಪೇಂಟ್ ಕೋಟಿಂಗ್ ಕೂತಿತ್ತು! "ಸಿಸ್ಟಮ್ಮಲ್ಲಿ ತಾನಾಗೇ ಬಂದುಬಿಡುತ್ತೆ ಸರ್." ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಆ ಸಾಲಿನ ಮೇಲೆ ಗೆರೆ ಎಳೆದೆ. ಮೊಬೈಲಿನಲ್ಲಿದ್ದ ಅವರದೇ ಮೆಸೇಜ್ ತೋರಿಸಿದೆ. ಹಾಳೆ ಒಳಗೆ ಹೋಯಿತು. ಹತ್ತು ನಿಮಿಷ ಯಾರೂ ಬರಲಿಲ್ಲ. ಗಾಜಿನಾಚೆ ರಿಬ್ಬನ್ ಕಟ್ಟಿದ ನನ್ನ ಕಾರು ಕಾಣುತ್ತಿತ್ತು, ಬೇಕಂತಲೇ ಅಲ್ಲಿ ನಿಲ್ಲಿಸಿದ್ದರೋ ಏನೋ. ಹೋಗಲಿ, ಕೊಟ್ಟುಬಿಡೋಣ ಅಂತ ಮೂರು ಸಲ ಅನ್ನಿಸಿತು. ಪಕ್ಕದಲ್ಲಿದ್ದ ಹೆಂಡತಿ ಮಾತಾಡದೆ ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಕೊನೆಗೆ ಹೊಸ ಹಾಳೆ ಬಂತು, ನಾಲ್ಕೇ ಸಾಲು.

ಟಾಪ್ ತೆಗೆದು ಹೊರಟೆವು. ತುಂಬಾ ದಿನ ನಿಂತಲ್ಲೇ ನಿಂತ ಟೈರುಗಳು ಒಂದು ಕಡೆ ಚಪ್ಪಟೆಯಾಗಿದ್ದವು, ಸ್ಟೀರಿಂಗ್‌ನಲ್ಲಿ ದಡ್ ದಡ್ ಅನ್ನುತ್ತಿತ್ತು. ಎದೆ ಧಸಕ್ಕೆಂದಿತು. ಟೈರು ಬಿಸಿಯಾಗುತ್ತಾ ಬಂದ ಹಾಗೆ ಸದ್ದು ಕಡಿಮೆಯಾಯಿತು, ಹದಿನೈದು ಕಿಲೋಮೀಟರ್ ಆಗುವ ಹೊತ್ತಿಗೆ ಪೂರ್ತಿ ನಿಂತಿತು.

"ರೀ, ಅದ್ಯಾವ ಪೆನ್ನು ನಿಮ್ಮ ಜೇಬಲ್ಲಿ?" ಅಂದಳು.

ನೋಡಿಕೊಂಡೆ. ಡೀಲರ್‌ನ ಹೆಸರು ಅಚ್ಚಾಗಿದ್ದ ಪೆನ್ನು. ಗೆರೆ ಎಳೆದವನು ಹಾಗೇ ಜೇಬಿಗೆ ಸಿಕ್ಕಿಸಿಕೊಂಡು ಬಂದಿದ್ದೆ.