ಬಾಡಿಗೆ ಬೆಲ್ಲ

ಇವತ್ತು ಮಂಡ್ಯದ ಮನೆಗೆ ಬಂದಾಗ ಏಳೂವರೆ. ಮಸಾಲೆ ರುಬ್ಬುವಷ್ಟು ತ್ರಾಣ ಇರಲಿಲ್ಲ. ಫ್ರಿಜ್‌ನಲ್ಲಿ ಅರ್ಧ ಕೆಜಿ ಬನ್ನೂರು ಕುರಿ ಬಾಡು (ಮಾಂಸ) ಇತ್ತು. ನಮ್ಮ ಕಡೆಯ ಗಿಡ್ಡ ಕಾಲಿನ ಕುರಿ, ಮಂಡ್ಯ ಕುರಿ ಅಂತಲೂ ಹೆಸರು. ಮೂಳೆ ಇಲ್ಲದ, ಬೆನ್ನಿನ ಕಡೆಯ ಮೆತ್ತನೆ ಭಾಗ. ತೊಡೆಯದ್ದಾಗಿದ್ದರೆ ಕುಕ್ಕರ್‌ನಲ್ಲಿ ಬೇಯಿಸುತ್ತಿದ್ದೆ.

ಎಳೆಗೆ ಅಡ್ಡವಾಗಿ 1 ಇಂಚಿನ ತುಂಡು ಮಾಡಿ, ಬಟ್ಟೆಯಲ್ಲಿ ಒತ್ತಿ ನೀರು ತೆಗೆದೆ. ಇದನ್ನು ಮಾತ್ರ ಬಿಡಬೇಡಿ. ತೇವ ಇದ್ದರೆ ಮಾಂಸ ಸುಮ್ನೆ ಬೇಯುತ್ತೆ, ಕೆಂಪಗಾಗಲ್ಲ. ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಉಪ್ಪು ಹಾಕಿದ ತುಂಡುಗಳನ್ನು ಎರಡು ಸಲಕ್ಕೆ ಹುರಿದೆ, ಒಂದೊಂದು ಮಗ್ಗುಲಿಗೆ 2 ನಿಮಿಷ. ಆಮೇಲೆ ಉರಿ ಸಣ್ಣ ಮಾಡಿ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, 2 ಚಮಚ ಸೋಯಾ ಸಾಸ್. ಕೊನೆಗೆ ಪುಡಿ ಬೆಲ್ಲ, 1 ಚಮಚ. ಮೊದಲೇ ಹಾಕಿದರೆ ಸೀದು ಕಹಿಯಾಗುತ್ತೆ. ಗುಳ್ಳೆ ಎದ್ದು ಪಾಕ ಗಟ್ಟಿಯಾಗುತ್ತಾ ಬಂತು. ನೋಡನೋಡುತ್ತಲೇ ಪ್ರತಿ ತುಂಡೂ ಎಣ್ಣೆ ಹಚ್ಚಿದ ಹುಣಸೆ ಬೀಜದ ಹಾಗೆ ಹೊಳೆಯಿತು. ಮೇಲೆ ಕುಟ್ಟಿದ ಕಾಳುಮೆಣಸು, ನಿಂಬೆರಸ. ಅಷ್ಟೇ.

"ಅಮ್ಮಾ, ಆಲೆಮನೆ ವಾಸನೆ!" ಅಂದಳು ಮಗಳು. ಹೌದಲ್ವಾ! ಬೆಲ್ಲ ಅಂದ್ರೆ ಪಾಯಸ, ಹೋಳಿಗೆ ಅಂತಲೇ ಬೆಳೆದವಳು ನಾನು. ಸುತ್ತ ಕಬ್ಬಿನ ಗದ್ದೆ ಇಟ್ಟುಕೊಂಡು ಇಷ್ಟು ವರ್ಷ ಇದು ಹೊಳೆಯಲೇ ಇಲ್ಲ. ಅಜ್ಜಿ ಇದ್ದಿದ್ದರೆ "ಬಾಡಿಗೆ ಬೆಲ್ಲ ಹಾಕ್ತಾರೇನೇ" ಅಂತ ಗದರಿ, ಮೊದಲ ತುಂಡು ತಾನೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಇವತ್ತು ಅವಳು ಬಹಳ ನೆನಪಾದಳು.

ಬಾಣಲೆಗೆ ಅಂಟಿದ್ದ ಪಾಕವನ್ನು ಮಗಳು ಚಪಾತಿಯಲ್ಲಿ ಒರೆಸಿ ತಿಂದಳು.