ಎರಡು ಶಹಾಪುರ

ನಮ್ಮ ಉಡುಪಿ ಕಡೆ ಆಗಿದ್ದರೆ ನಾನು ಟೀಚರ್. ಮುಂಬೈಯ ಈ ಮುನಿಸಿಪಲ್ ಕನ್ನಡ ಶಾಲೆಯಲ್ಲಿ ನಾನು ಬಾಯಿ. ಮರಾಠಿ ಮಕ್ಕಳು ತಮ್ಮ ಟೀಚರನ್ನು ಹಾಗೆ ಕರೆಯುವುದನ್ನು ಕೇಳಿ ಕೇಳಿ ನಮ್ಮವರೂ ಹಾಗೇ ಕರೆಯುತ್ತಾರೆ. ಮೊದಮೊದಲು ಇರುಸುಮುರುಸು ಆಗುತ್ತಿತ್ತು, ಈಗ ರೂಢಿಯಾಗಿದೆ.

ಬೆಳಗಿನ ಪಾಳಿ. ಏಳಕ್ಕೆ ಶಾಲೆ. ದೂರದ ಡೊಂಬಿವಲಿಯಿಂದ ಬರುವ ನಾನೇ ಸರಿಯಾದ ಹೊತ್ತಿಗೆ ಬರುತ್ತೇನೆ, ಹಿಂದಿನ ಗಲ್ಲಿಯ ಹುಡುಗಿಗೆ ಏನು ಧಾಡಿ ಅಂತ ನನ್ನ ಸಿಟ್ಟು. ಮೂರನೇ ತರಗತಿಯ ಆ ಹುಡುಗಿ ದಿನಾ ಏಳೂವರೆ ದಾಟಿಸಿಯೇ ಬರುತ್ತಿದ್ದಳು. ಲಂಗದ ಅಂಚು ಒದ್ದೆ. ಕೇಳಿದರೆ ಮಾತಿಲ್ಲ. ಮೊದಲ ಪಿರಿಯಡ್ ಮುಗಿಯುವ ತನಕ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ.

ಆ ದಿನ ಮುಂಬೈಗೆ ನೀರು ಕೊಡುವ ಏಳು ಕೆರೆಗಳ ಪಾಠ. ವಿಹಾರ್, ತುಳಸಿ, ತಾನ್ಸಾ, ಮೋಡಕ್ ಸಾಗರ ಅಂತ ಬೋರ್ಡಿನ ಮೇಲೆ ಒಂದೊಂದೇ ಬರೆದೆ. ವಿಹಾರ್ 1860ರಷ್ಟು ಹಳೆಯದು ಅಂದೆ. ಯಾರಿಗೂ ಏನೂ ಅನ್ನಿಸಲಿಲ್ಲ. ಈ ಊರಿನ ಅರ್ಧದಷ್ಟು ನೀರು ಭಾತ್ಸಾದಿಂದಲೇ ಬರುತ್ತದೆ, ಅದು ಶಹಾಪುರ ತಾಲೂಕಿನಲ್ಲಿದೆ ಅಂದೆ. ಅಷ್ಟರಲ್ಲಿ ಬಾಗಿಲಿನಿಂದ ಒಂದು ತಲೆ ಒಳಗೆ ಇಣುಕಿತು.

"ಬಾಯಿ, ಅದು ನಮ್ಮೂರ್ರೀ!"

ಕ್ಲಾಸಿಗೆ ಕ್ಲಾಸೇ ನಕ್ಕಿತು. "ಹೊರಗೆ ನಿಂತವಳು ಸುಮ್ನೆ ನಿಲ್ಲು. ಶಹಾಪುರ ಇರುವುದು ಠಾಣೆ ಜಿಲ್ಲೆಯಲ್ಲಿ" ಅಂದೆ. ತಲೆ ಮರೆಯಾಯಿತು.

ಆಮೇಲೆ ಮೂರು ದಿನ ಅವಳು ಬರಲಿಲ್ಲ.

ಎಂಟು ಗಂಟೆ ಆದರೆ ಅವಳ ಅವ್ವ ನಾಕಾಕ್ಕೆ ಹೊರಟುಬಿಡುತ್ತಾಳೆ ಅಂತ ಉಳಿದ ಮಕ್ಕಳು ಹೇಳಿದ್ದರು. ನಾಕಾ ಅಂದರೆ ಕೂಲಿಯವರು ಬೆಳಿಗ್ಗೆ ಬಂದು ನಿಂತು ಕೆಲಸಕ್ಕೆ ಕಾಯುವ ಜಾಗ. ಹಾಗಾಗಿ ಭಾನುವಾರ ಕತ್ತಲಲ್ಲೇ ಎದ್ದು, ಕುರ್ಲಾದಲ್ಲಿ ಗಾಡಿ ಬದಲಿಸಿ ಜಿಟಿಬಿ ನಗರದಲ್ಲಿ ಇಳಿದೆ. ಗಲ್ಲಿ ಎಷ್ಟು ಇಕ್ಕಟ್ಟೆಂದರೆ ಎದುರಿಗೆ ಯಾರಾದರೂ ಬಂದರೆ ಗೋಡೆಗೆ ಒತ್ತಿ ನಿಲ್ಲಬೇಕು. ಎದುರಿಗೆ ಬರುತ್ತಿದ್ದುದೆಲ್ಲ ಕೊಡಗಳೇ. ಉದ್ದಕ್ಕೂ ನೀಲಿ ಡ್ರಮ್ಮು, ಎಣ್ಣೆಯ ಡಬ್ಬ, ಬಕೆಟ್ಟು. ಆ ಸಾಲಿನ ತುದಿಯಲ್ಲಿ ನಮ್ಮ ಹುಡುಗಿ. ತನಗಿಂತ ದೊಡ್ಡ ಹೆಂಗಸರ ಜೊತೆ ಪಾಳಿಗಾಗಿ ಜಗಳಕ್ಕೆ ನಿಂತಿದ್ದಳು. ಕ್ಲಾಸಿನಲ್ಲಿ ಆ ಗಂಟಲು ನಾನು ಒಂದು ದಿನವೂ ಕೇಳಿರಲಿಲ್ಲ! ನನ್ನನ್ನು ಕಂಡದ್ದೇ ಬಾಯಿ ಬಂದ್. ಕೊಡ ಅರ್ಧ ತುಂಬಿದ್ದರೂ ಎತ್ತಿಕೊಂಡು ಮನೆಗೆ ಓಡಿದಳು.

"ಬರ್ರಿ ಅಕ್ಕೋರ, ಕುಂದರ್ರಿ" ಅಂತ ಅವಳ ಅವ್ವ ಚಾಪೆ ಹಾಸಿದಳು. ಅಕ್ಕೋರು! ಟೀಚರ್, ಬಾಯಿ ಎರಡೂ ಆಗಿದ್ದೆ. ಇದು ಹೊಸದು.

"ನಳ ಬರೋದೇ ಆರೂವರಿಗ್ರಿ. ಒಂದು ತಾಸಿನ್ಯಾಗ ಹೋಗಿಬಿಡ್ತದ. ನಾ ಸಣ್ಣ ಕೂಸು ನೋಡಬೇಕು, ರೊಟ್ಟಿ ಬಡೀಬೇಕು. ಅವರಪ್ಪಂದು ರಾತ್ರಿ ಪಾಳಿ. ಮತ್ತ ತುಂಬೋರು ಯಾರ್ರಿ?"

ದೂರಿನ ದನಿಯೇ ಇರಲಿಲ್ಲ. ಲೆಕ್ಕ ಒಪ್ಪಿಸಿದ ಹಾಗೆ ಹೇಳಿದಳು. ನಾನು ಚಾ ಕುಡಿಯುತ್ತ, ಏನಾದರೂ ಕೇಳಬೇಕಲ್ಲ ಅಂತ ಕೇಳಿದೆ, "ನಿಮ್ಮದು ಯಾವ ಊರು?"

"ಶಹಾಪುರ ತಾಲೂಕು ರೀ. ಯಾದಗಿರಿ."

ಹುಡುಗಿ ಡ್ರಮ್ಮಿನ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದಳು. ಚಾ ಗಂಟಲಲ್ಲೇ ನಿಂತಿತು. ಕರಾವಳಿಯವಳಾದ ನನಗೆ ಠಾಣೆಯ ಶಹಾಪುರ ಗೊತ್ತು, ಕರ್ನಾಟಕದ ಶಹಾಪುರ ಗೊತ್ತಿಲ್ಲ. ಕನ್ನಡ ಶಾಲೆಯ ಬಾಯಿ ನಾನು!

ಮರುದಿನದಿಂದ ಹಾಜರಿಯನ್ನು ಎರಡನೇ ಪಿರಿಯಡ್‌ಗೆ ತಳ್ಳಿದೆ. ಆಫೀಸಿನಲ್ಲಿ ಗೊಣಗಿದರು, ಗೊಣಗಲಿ ಬಿಡಿ. ಬೋರ್ಡಿನ ಮೇಲೆ ಎರಡು ಶಹಾಪುರ ಬರೆದು, ಎರಡನೆಯದರ ಬಗ್ಗೆ ಅವಳೇ ಹೇಳಲಿ ಅಂದೆ. ಹತ್ತಿಯ ಹೊಲ, ಅಜ್ಜಿಯ ಎಮ್ಮೆ, ಬಿಸಿಲು ಅಂತ ಅವಳು ಶುರು ಮಾಡಿದ್ದು ಗಂಟೆ ಹೊಡೆದರೂ ಮುಗಿಯಲಿಲ್ಲ.

ಶಾಲೆ ಬಿಟ್ಟ ಮೇಲೆ ನನ್ನ ಚೀಲ ಹಿಡಿದುಕೊಂಡು ಸ್ಟೇಷನ್ ದಾರಿಯ ತಿರುವಿನವರೆಗೂ ಬಂದಳು. ಅಲ್ಲಿ ನಿಂತು ಕೇಳಿದಳು.

"ಅಕ್ಕೋರ, ನಿಮ್ಮ ಮನ್ಯಾಗ ನಳ ಎಷ್ಟಕ್ಕ ಬರ್ತದ?"

ನಮ್ಮ ಬಿಲ್ಡಿಂಗಿನ ಮೇಲೆ ನೀರಿನ ಟಾಕಿ ಇದೆ. ಅದು ಎಷ್ಟು ಹೊತ್ತಿಗೆ ತುಂಬುತ್ತದೆ ಅಂತ ನಾನು ಯಾವತ್ತೂ ನೋಡಿಲ್ಲ.