ನಾಮದ ಚಿಲುಮೆಯಿಂದ ದೇವರಾಯನದುರ್ಗಕ್ಕೆ, ಗಿಡಮರ ಗುರುತಿಸುತ್ತ

ತುಮಕೂರಿನಿಂದ ದೇವರಾಯನದುರ್ಗಕ್ಕೆ ಹೊರಟವರಲ್ಲಿ ಹೆಚ್ಚಿನವರು ನಾಮದ ಚಿಲುಮೆಯಲ್ಲಿ ಬಂಡೆಯಿಂದ ಜಿನುಗುವ ನೀರು ನೋಡಿ, ಜಿಂಕೆಗಳನ್ನು ಕಂಡು ಮುಂದಕ್ಕೆ ಹೋಗಿಬಿಡುತ್ತಾರೆ. ಅಲ್ಲೇ ಇರುವ ಅರಣ್ಯ ಇಲಾಖೆಯ ಔಷಧಿ ಸಸ್ಯವನದಲ್ಲಿ ಒಂದು ಗಂಟೆ ಕಳೆದರೆ, ಸುಮಾರು 1,200 ಮೀಟರ್ ಎತ್ತರದ ಬೆಟ್ಟದ ಕಾಡು ಬರೀ ಹಸಿರಾಗಿ ಉಳಿಯುವುದಿಲ್ಲ, ಒಂದೊಂದೇ ಮರವಾಗಿ ಕಾಣತೊಡಗುತ್ತದೆ.

ಮೊದಲು ತೊಗಟೆ ನೋಡಿ. ನುಣುಪಾಗಿ ಬೂದುಬಿಳುಪಾಗಿದ್ದರೆ ಬಹುಮಟ್ಟಿಗೆ ದಿಂಡಿಗ. ದಪ್ಪಗೆ, ಉದ್ದುದ್ದ ಸೀಳಿದ್ದರೆ ಜಾಲಾರಿ ಇರಬಹುದು. ಈ ಬೆಟ್ಟದ ಸೊಗಸೇ ಜಾಲಾರಿ. ಬೇಸಿಗೆ ಶುರುವಾಗುವಾಗ ಎಲೆ ಉದುರಿ ಕೆನೆಬಣ್ಣದ ಹೂ ತುಂಬುತ್ತದೆ, ಪರಿಮಳ ರಸ್ತೆವರೆಗೂ ಬರುತ್ತದೆ. ಕಾಯಿಗೆ ಮೂರು ಉದ್ದ, ಎರಡು ಗಿಡ್ಡ ರೆಕ್ಕೆ. ಗಾಳಿಗೆ ಗಿರಗಿರ ತಿರುಗುತ್ತ ಬೀಳುತ್ತದೆ. ಆದರೆ ಬೀಜ ಒಣಗಿತೆಂದರೆ ಸತ್ತಂತೆ, ಒಂದೆರಡು ವಾರದಲ್ಲೇ ಮೊಳೆಯುವ ಶಕ್ತಿ ಹೋಗುತ್ತದೆ. ಉದುರಿದ ಹೊತ್ತಿಗೆ ಮುಂಗಾರು ಕೈಕೊಟ್ಟರೆ ಆ ವರ್ಷ ಸಸಿಗಳೇ ಇಲ್ಲ. ಹಿಂದಿನ ಸಸಿಗಳನ್ನು ಬೇಸಿಗೆಯ ಕಾಡ್ಗಿಚ್ಚು ಸುಡುತ್ತದೆ. ಬೀಡಿ ತುಂಡು ಎಸೆಯುವವರನ್ನು ಕಂಡರೆ ದಯವಿಟ್ಟು ತಡೆಯಿರಿ.

ಶ್ರೀಗಂಧದ ಹತ್ತಿರ ನಿಂತಾಗ ಪಕ್ಕದ ಗಿಡ ಯಾವುದೆಂದು ಗಮನಿಸಿ. ಗಂಧದ ಬೇರು ಬೇರೆ ಗಿಡದ ಬೇರಿಗೆ ಅಂಟಿ ನೀರು, ಪೋಷಕಾಂಶ ಹೀರುತ್ತದೆ. ನರ್ಸರಿಯಲ್ಲಿ ಅದೇ ಚೀಲದಲ್ಲಿ ತೊಗರಿ ಬಿತ್ತುವುದು ಇದಕ್ಕೇ. ಆಸರೆ ಗಿಡವಿಲ್ಲದೆ ಒಂಟಿಯಾಗಿ ನೆಟ್ಟ ಸಸಿ ಹಳದಿಯಾಗಿ ಮುರುಟುತ್ತದೆ.

ಮೇಲೇರಿದಂತೆ ಮಣ್ಣು ತೆಳುವಾಗಿ ಬಂದರಿಕೆ, ಕಾರೆ, ಕವಳೆ ಪೊದೆಗಳು ಶುರು. ಬಂದರಿಕೆಯ ಅಂಟಂಟು ಎಲೆಗೆ ದನ, ಮೇಕೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ, ಹಾಗಾಗಿ ಮೇಯಿಸಿದ ಇಳಿಜಾರಿನಲ್ಲೆಲ್ಲ ಅದರದೇ ರಾಜ್ಯ.

ಮಳೆಗಾಲ ಮುಗಿಯುವಾಗ ಹೋದರೆ ಬಂಡೆಯ ಮೇಲೆ ನೀರು ಒಸರುವ ಕಡೆ ಮಂಡಿಯೂರಿ ಹುಡುಕಿ. ನಾಣ್ಯದಗಲದ ಕೆಂಪು ಎಲೆಸುತ್ತು, ಕೂದಲ ತುದಿಗಳಲ್ಲೆಲ್ಲ ಮಿನುಗುವ ಅಂಟುಹನಿ ಕಂಡರೆ ಅದು ಡ್ರೊಸೆರ. ಅಲ್ಲಿನ ಹಿಡಿಮಣ್ಣಿನಲ್ಲಿ ಸಾರಜನಕ ಸಾಲದು, ಕೊರತೆಯನ್ನು ಹುಳ ಹಿಡಿದು ತುಂಬಿಕೊಳ್ಳುತ್ತದೆ. ಕಾಲಿಡುವ ಮುನ್ನ ನೋಡಿಕೊಳ್ಳಿ, ಒಂದು ಚಪ್ಪಲಿಗೆ ಹತ್ತಾರು ಗಿಡ ಹೋಗುತ್ತವೆ.

ಜಾಲಾರಿ ಹೂವಿಗೆ ಫೆಬ್ರವರಿ-ಮಾರ್ಚ್, ಬಂಡೆಗಿಡಗಳಿಗೆ ಸೆಪ್ಟೆಂಬರ್‌ನಿಂದ ನವೆಂಬರ್. ಬೆಳಿಗ್ಗೆ ಬೇಗ ಹೊರಡಿ, ನೀರು ಒಯ್ಯಿರಿ, ತಿಂಡಿಯನ್ನು ಚೀಲದೊಳಗೇ ಇಡಿ, ಕೋತಿಗಳು ಬಿಡುವುದಿಲ್ಲ. ಇದು ಮೀಸಲು ಅರಣ್ಯ, ಗಿಡ, ಬೀಜ ಕೀಳುವಂತಿಲ್ಲ. ಸಸಿ ಬೇಕಿದ್ದರೆ ಮುಂಗಾರು ಶುರುವಾಗುವಾಗ ಇಲಾಖೆಯ ನರ್ಸರಿಯಲ್ಲಿ ಕೇಳಿ.